ಬೀಗರ ವ್ಯಾನಿಗೆ ಅಣ್ಣನ ಜೀಪು

ನಮ್ಮಣ್ಣ ಕಲ್ಯಾಣಪ್ಪನ್ನ ಅಂಜುಬುರುಕ ಅಂತ ನಾನೇ ಎಷ್ಟೋ ಸಲ ಬೈದೀನಿ. ಬಾಲಾನಗರದ ಕಾರ್ಖಾನ್ಯಾಗ ಕೆಲಸ, ರಜಾ ಬಂದ್ರ ತನ್ನ ಹಳೇ ಜೀಪಿನ ಕೆಳಗ ಮಲಗೋದು. ಚಾಲೂ ಮಾಡೋಕಿಂತ ಮೊದಲ ಬ್ರೇಕ್ ತುಳೀತಿದ್ದ, ಓಣಿ ದಾಟಿದ ಮ್ಯಾಲ ಮತ್ತ ತುಳೀತಿದ್ದ. "ನಿನ್ನ ಜೋಡಿ ಬರೋಕಿಂತ ನಡಕೊಂಡು ಹೋದ್ರ ಲಗೂ ಮುಟ್ತೀನಿ" ಅಂತ ಕಾಡ್ತಿದ್ದೆ. ನಗ್ತಿದ್ದ, ತುಳಿಯೋದು ಬಿಡ್ತಿರಲಿಲ್ಲ.

ಎಂಬತ್ತಾರನೇ ಇಸವಿ, ಮೆಹದಿಪಟ್ಟಣದಾಗ ಅವನ ಮಗಳು ಕಮಲಾಕ್ಷಿ ಮದುವಿ. ಗಂಡಿನವರು ಮಲ್ಕಾಜ್‌ಗಿರಿಯಿಂದ ವ್ಯಾನಿನ್ಯಾಗ ಬರಾಕತ್ತಿದ್ರು. ಮಾಸಾಬ್ ಟ್ಯಾಂಕಿನ ಇಳಿಜಾರಿನ್ಯಾಗ ಅದು ಬಂದ್ ಬಿತ್ತಂತ ಸುದ್ದಿ ಬಂತು. ಅಣ್ಣ ಹಗ್ಗ ತೊಗೊಂಡು ಜೀಪು ಹೊಡದ. ಬೀಗರನ್ನ ಎದುರುಗೊಳ್ಳಬೇಕಲ್ಲ, ಆರತಿ ತಾಟು ಹಿಡಕೊಂಡು ನಾನೂ ಹತ್ತಿದೆ.

"ಕಟ್ರಿ, ಎಳೀರಿ. ಮುಹೂರ್ತ ಮೀರತೈತಿ" ಅಂದ್ರು ಬೀಗ ಅಮರೇಶಪ್ಪ, ಕುಂತಲ್ಲಿಂದನ. ಒಳಗ ಮಂದಿ ಕಿಕ್ಕಿರಿದಿದ್ರು, ಮ್ಯಾಲ ಟ್ರಂಕು. ಮುಂದಿನ ಸೀಟಿನ್ಯಾಗ ಅವರ ತಾಯಿ ಅಂಬವ್ವ.

ಅಣ್ಣ ವ್ಯಾನಿನ ಸುತ್ತ ತಿರುಗಿದ. ಡ್ರೈವರನ್ನ ಇಳಿಸಿ, ಗಾಲಿಗೆ ಕೊಟ್ಟ ಕಲ್ಲು ತಗಸಿ, ತಾನೇ ಬ್ರೇಕ್ ತುಳಿದ. ಪೂರಾ ತುಳಿದ್ರೂ ವ್ಯಾನು ಗೇಣಷ್ಟು ಜಾರಿತು. ಕಲ್ಲು ಮತ್ತ ಇಡಿಸಿ, ಬೆವರು ಒರಸ್ಕೊಂತ ಬಂದ. "ತುಂಬಿದ ವ್ಯಾನು ನನ್ನ ಜೀಪಿಗಿಂತ ಭಾಳ ಭಾರ ಐತ್ರಿ, ಬೀಗರ. ಎಳೀತೀನಿ. ಆದ್ರ ಇಳಿಜಾರಿನ್ಯಾಗ ಅದು ಹಿಂದಿಂದ ನೂಕಿದ್ರ ತಡಿಯಾಕ ಆಗೂದಿಲ್ಲ. ಎಲ್ಲಾರೂ ಇಳದು, ಇಳಿಜಾರು ಮುಗಿಯೂತನ ನಡೀರಿ."

ಮಂಟಪದ ಬಾಗಿಲಿಗೆ ಕಾಲಿಗೆ ನೀರು ಕೊಟ್ಟು ಕರಕೊಳ್ಳಬೇಕಾದ ಬೀಗರನ್ನ ರೋಡಿನ ಮ್ಯಾಲ ನಡಸೋದಂದ್ರ ನಮ್ಮ ಮಂದ್ಯಾಗ ಮುಖಕ್ಕ ಹೊಡದಂಗ.

"ನಮ್ಮವ್ವನ್ನ ಬೀದಿಗೆ ಇಳಸ್ತೀರಿ? ವಾಪಸ್ ಹೋಗ್ತೀವಿ, ಮಗಳನ್ನ ಮನ್ಯಾಗ ಇಟಗೋರಿ" ಅಂದ್ರು ಅಮರೇಶಪ್ಪ.

ನಾನು ಅಣ್ಣನ ರಟ್ಟಿ ಜಗ್ಗಿ, "ನಿಧಾನ ಎಳಿ, ಏನೂ ಆಗೂದಿಲ್ಲ. ಹುಡಿಗಿ ಅರಿಶಿಣ ಹಚಗೊಂಡು ಕುಂತೈತಿ" ಅಂದೆ.

ಅಣ್ಣ ಅಂದ, "ಏನೂ ಆಗೂದಿಲ್ಲ ಅಂತ ನನಗ ಹೇಳಾಕ ಬರವಲ್ದು, ಶಿವದೇವಿ."

ಬೀಗರಿಗೆ ಕೈಮುಗದು ನಿಂತ, ಹಗ್ಗ ಮಾತ್ರ ಕಟ್ಟಲಿಲ್ಲ. ಸಿಟ್ಟು ಬಂತು ನನಗ, ಅಳುನೂ ಬಂತು. ಕಡಿಗೆ ಅಂಬವ್ವನೇ ಬಾಗಿಲು ತಗದ್ರು. "ನನಗ ಇನ್ನೂ ಬದುಕೋ ಆಸೆ ಐತಪಾ" ಅಂತ ಇಳದು, ತಲಿ ಮ್ಯಾಲ ಸೆರಗು ಎಳಕೊಂಡು ನಡದೇ ಬಿಟ್ರು. ಮುದುಕಿ ನಡದ ಮ್ಯಾಲ ಉಳದವರು ಹೆಂಗ ಕೂಡ್ತಾರ? ನಾನು ತಾಟು ಹಿಡಕೊಂಡು ಅವರ ಹಿಂದ ಓಡಿದೆ.

ಖಾಲಿ ವ್ಯಾನು ಜೀಪಿನ ಹಿಂದ ತೆಪ್ಪಗ ಬಂತು. ಮದುವಿ ಆತು. ಅಮರೇಶಪ್ಪ ಅಣ್ಣನ ಕಡೆ ಹೊಳ್ಳಿ ನೋಡಲಿಲ್ಲ, ಅಣ್ಣಗ ಊಟ ಸೇರಲಿಲ್ಲ.

ಮರುದಿನ ರಿಪೇರಿ ಆದ ವ್ಯಾನಿನ್ಯಾಗ ಹುಡಿಗಿನ್ನ ಕರಕೊಂಡು ಹೊಂಟ್ರು. ಎಲ್ಲಾರೂ ಹತ್ತಿದ್ರೂ ಅಮರೇಶಪ್ಪ ಕೆಳಗ ನಿಂತಿದ್ರು. "ಬೀಗರ, ಒಮ್ಮೆ ನೀವು ನೋಡ್ರಿ. ನೀವು ಹೂಂ ಅಂದ್ರ ಹೊಂಡ್ತೀವಿ."

ಅಣ್ಣ ಬ್ರೇಕ್ ತುಳಿದ. ಗಾಲಿ ನೋಡಿದ. ಮತ್ತ ತುಳಿದ. ಎಲ್ಲಾ ಸರಿ ಇತ್ತು. ಕಿಡಕಿಯೊಳಗಿಂದ ಕಮಲಾಕ್ಷಿ ಅಪ್ಪನ್ನೇ ನೋಡಾಕತ್ತಿದ್ಲು. ಅವನ ಬಾಯಿಂದ ಹೂಂ ಬರಲೇ ಇಲ್ಲ. ಕಡಿಗೆ ನಾನೇ ಅಂದೆ, "ಹೊಂಡ್ರಿ."