ಜೀಪಿನಲ್ಲಿ ಮುಗಿದ ಹೊದಿಕೆ

ವನಗೂರಿನ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಎಲಿಯಾಸನ ಹೆಂಡತಿ ಮೊಡೆಸ್ಟಾ ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟವಳೇ ಅಲ್ಲ. ಆದರೆ ಪಕ್ಕದ ಮನೆಯ ಆಶಾ ಬಸುರಿಯಾದಾಗ ಹೆಣೆಯಲು ಹಿಡಿದ ಉಣ್ಣೆಯ ಹೊದಿಕೆ ಮಾತ್ರ ತಿಂಗಳುಗಟ್ಟಲೆ ಮುಗಿಯದೆ ಉಳಿದಿತ್ತು. ಆಶಾಳ ತಾಯಿ ಸುಲೋಚನಮ್ಮನ ಕಟ್ಟಪ್ಪಣೆ ಹಾಗಿತ್ತು: "ಕೂಸು ಹುಟ್ಟೋಕ್ ಮುಂಚೆ ಅದರ ಬಟ್ಟೆ ಮುಗಿಸಬಾರ್ದು ಕಣಮ್ಮ. ಒಂದಂಚು ಹೊಲೀದೆ ಹಂಗೇ ಇಟ್ಟಿರು."

ಹೆಣ್ಣು ಮಗುವೆಂದು ಸಕಲೇಶಪುರದ ಆಸ್ಪತ್ರೆಯಿಂದ ಫೋನ್ ಬಂದದ್ದೇ ತಡ, ಮೊಡೆಸ್ಟಾ ಹೊದಿಕೆ, ಸೂಜಿ, ಕತ್ತರಿ ಹಿಡಿದು ಜೀಪು ಹತ್ತಿದಳು. ಹೊದಿಕೆಯನ್ನು ತೊಡೆಯ ಮೇಲೆ ಹರಡಿಕೊಂಡು, ತಿರುವಿಗೊಮ್ಮೆ ಡ್ರೈವರನನ್ನು ಬೈಯುತ್ತ, ಸಕಲೇಶಪುರ ಸೇರುವಷ್ಟರಲ್ಲಿ ಅಂಚು ಹೊಲಿದು ಮುಗಿಸಿದಳು.

ಆಸ್ಪತ್ರೆಯಲ್ಲಿ ಅದನ್ನು ಹೆಮ್ಮೆಯಿಂದ ಎತ್ತಿ ತೋರಿಸಿದರೆ ಅಂಚಿನೊಡನೆ ಹೊಲಿದುಹೋಗಿದ್ದ ಅವಳ ಸೆರಗೂ ಜೊತೆಗೇ ಎದ್ದು ಬಂತು. ನಗು ತಡೆಯಲಾರದೆ ಬಾಣಂತಿ ಆಶಾ ಮುಸುಕು ಹಾಕಿಕೊಂಡಳು. ಹೊಲಿಗೆ ಬಿಚ್ಚಿದರೆ ಹೊದಿಕೆ ಮತ್ತೆ ಅರ್ಧಕ್ಕೇ ನಿಲ್ಲುತ್ತದಲ್ಲ. ಮೊಡೆಸ್ಟಾ ಸೆರಗಿನ ತುದಿಯನ್ನೇ ಕತ್ತರಿಸಿಬಿಟ್ಟಳು.

ಸುಲೋಚನಮ್ಮನಿಗೆ ಖುಷಿಯೋ ಖುಷಿ. "ಕೂಸಿಗೆ ಮೊದ್ಲು ಹಳೇ ಸೀರೆ ಸೋಕಬೇಕು ಅಂತ ಹೇಳೋದೇ ಮರೆತಿದ್ದೆ. ಅದನ್ನೂ ತಂದ್ಬುಟ್ಟಿದ್ದೀಯಲ್ಲ ಮಾರಾಯ್ತಿ. ಹಳೇದೇ ತಾನೆ?"

ಈಸ್ಟರಿಗೆಂದು ತೆಗೆದಿದ್ದ ಸೀರೆಯನ್ನು ಅಂದೇ ಮೊದಲ ಸಲ ಉಟ್ಟಿದ್ದ ಮೊಡೆಸ್ಟಾ, "ಹಳೇದೇ ಕಣ್ರೀ" ಎಂದಳು.