ಸೋಲಾರ್ ಪ್ಯಾನೆಲ್ಲಿನ ಹಣೆ ಯಾವುದು?

ಎಂಬತ್ತು ದಾಟಿದ ನನ್ನ ಮಾವನವರನ್ನು ಕಳೆದ ವಾರ ನಮ್ಮದೇ ಮಾಳಿಗೆಯ ಮೇಲೆ ಕಳ್ಳನನ್ನು ಹಿಡಿದಂತೆ ಹಿಡಿದೆ. ಕೈಯಲ್ಲಿ ವಿಭೂತಿ ಗಟ್ಟಿ. ಎದುರಿಗೆ ನಮ್ಮ ಹೊಸ ಸೋಲಾರ್ ಪ್ಯಾನೆಲ್ಲು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ತಡೆಯಿರಿ, ಮೊದಲಿನಿಂದ ಹೇಳುತ್ತೇನೆ.

ಉದಗೀರದ ಪೇಟೆಯಲ್ಲಿ ನಮ್ಮದು ಕಿರಾಣಿ ಅಂಗಡಿ, ಪಕ್ಕದಲ್ಲೇ ಹಿಟ್ಟಿನ ಗಿರಣಿ. ಮಳೆ ಕೈಕೊಟ್ಟು ಇದು ಮೂರನೇ ವರ್ಷ. ಗಿರಾಕಿ ಕಡಿಮೆ, ಕರೆಂಟ್ ಬಿಲ್ ಮಾತ್ರ ಇದ್ದಷ್ಟೇ ಇದೆ. ಅಂಥ ಹೊತ್ತಿನಲ್ಲಿ ಕರೆಂಟ್ ಕಂಪನಿಯವರು ಒಂದು ಸ್ಕೀಮ್ ತಂದರು. ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿಕೊಳ್ಳಿ, ನೀವು ಬಳಸಿ ಉಳಿದದ್ದನ್ನು ನಮ್ಮ ಲೈನಿಗೆ ಬಿಡಿ, ಬಿಲ್ಲಿನಲ್ಲಿ ಕಳೆಯುತ್ತೇವೆ ಎಂದರು. ಬಿಸಿಲು ಒಂದಕ್ಕೇ ನಮ್ಮಲ್ಲಿ ಬರವಿಲ್ಲ. ಓಣಿಯಲ್ಲಿ ಮೊದಲು ಹಾಕಿಸಿದವಳು ನಾನೇ. ಹಾಕಿಸಿ ಸುಮ್ಮನಿದ್ದೆನೇ? ಇಡೀ ಪೇಟೆಗೆ ಡಂಗುರ ಸಾರಿದೆ!

ಅಲ್ಲಿಗೆ ಓಣಿಯವರ ಕಣ್ಣೆಲ್ಲ ನನ್ನ ಮಾಳಿಗೆಯ ಮೇಲೆ. ಶನಿವಾರ ಕಂಪನಿಯವರ ಕ್ಯಾಂಪ್ ಇತ್ತು. ಸಾಕಷ್ಟು ಹೆಸರು ಬಂದರೆ ಓಣಿಗೆಲ್ಲ ಒಟ್ಟಿಗೆ ಕೆಲಸ, ಇಲ್ಲದಿದ್ದರೆ ಸ್ಕೀಮ್ ಬೇರೆ ಊರಿಗೆ. ಎದುರಿನ ಬಟ್ಟೆ ಅಂಗಡಿಯ ಗುರಪ್ಪಣ್ಣ ಎಲ್ಲರಿಗೂ ಹೇಳಿಬಿಟ್ಟಿದ್ದ: ವೈನಿಯ, ಅಂದರೆ ನನ್ನ, ಪ್ಯಾನೆಲ್ ನಡೆದರೆ ನಾವೂ ಹಾಕಿಸೋಣ, ಇಲ್ಲದಿದ್ದರೆ ಬೇಡ.

ನಡೆಯಿತೇ? ಎಲ್ಲಿ! ಮೊದಲ ಕೆಲವು ದಿನ ಫೋನಿನ ಆ್ಯಪ್‌ನಲ್ಲಿ ಕರೆಂಟ್ ಎಷ್ಟು ಬಂತೆಂಬ ಅಂಕಿಗಳು ಕುಣಿದವು, ಆಮೇಲೆ ಮಕಾಡೆ ಮಲಗಿದವು. ಧೂಳು ಕೂತಿರಬೇಕು, ತೊಳೆಯಿರಿ ಎಂದ ಕಂಪನಿಯ ಇಂಜಿನಿಯರ್. ತೊಳೆದೆ, ಟ್ಯಾಂಕರ್ ನೀರು ಅರ್ಧ ಬಕೆಟ್. (ಬೈಯಬೇಡಿ. ಪ್ಯಾನೆಲ್ಲಿನ ಕೆಳಗೆ ಉದ್ದಕ್ಕೆ ಸೀಳಿದ ಪೈಪ್ ಕಟ್ಟಿ, ಆ ನೀರನ್ನು ಹಿಡಿದು ಬಟ್ಟೆ ಒಗೆದು, ಉಳಿದದ್ದನ್ನು ಬಿಲ್ವಪತ್ರಿ ಗಿಡಕ್ಕೆ ಹಾಕಿದೆ.) ಆದರೂ ಓಣಿಯ ಹೆಂಗಸರು ಬಿಟ್ಟಾರೆಯೇ? ಮಂದಿಗೆ ಕುಡಿಯಲು ನೀರಿಲ್ಲ, ಈಕೆ ಕನ್ನಡಿಗೆ ಜಳಕ ಮಾಡಿಸುತ್ತಾಳೆ ಎಂದು ನಕ್ಕರು. ಮೈಯೆಲ್ಲ ಉರಿದುಹೋಯಿತು ನನಗೆ.

ಮತ್ತೆ ಮತ್ತೆ ತೊಳೆದರೂ ಅಂಕಿ ಅಷ್ಟೇ. "ಬಿಸಲ ನಂಬಿ ಯಾರ ಉದ್ಧಾರ ಆಗ್ಯಾರ್ರೀ ವೈನಿ?" ಎಂದ ಗುರಪ್ಪಣ್ಣ, ಅದೂ ಗಿರಾಕಿಗಳ ಎದುರಿಗೆ.

ಶುಕ್ರವಾರ ನನಗೆ ಹಟ ಬಂತು. ಬೆಳಿಗ್ಗೆ ತೊಳೆದು ಬಂದವಳು ಅಂಗಡಿಗೆ ಹೋಗದೆ ಅಡುಗೆಮನೆಯಲ್ಲಿ ಫೋನ್ ಹಿಡಿದು ಕೂತೆ. ಅಂಕಿ ಏರಿತು, ಇನ್ನೂ ಏರಿತು, ಆಮೇಲೆ ದಬಕ್ಕನೆ ಬಿತ್ತು. ಹೊರಗೆ ನೋಡಿದರೆ ಆಕಾಶದಲ್ಲಿ ಒಂದು ತುಣುಕು ಮೋಡವೂ ಇಲ್ಲ. ಮಾಳಿಗೆಗೆ ಓಡಿದೆ.

ಲಿಂಗಪೂಜೆ ಮುಗಿಸಿದ ಮಾವನವರು ಪ್ರತಿ ಪ್ಯಾನೆಲ್ಲಿನ ಕೆಳಸಾಲಿಗೆ, ಕೈಗೆಟುಕುವಲ್ಲಿ, ಮೂರು ಬೆರಳಿನಿಂದ ದಪ್ಪಗೆ ವಿಭೂತಿ ಎಳೆಯುತ್ತಿದ್ದರು. ಜಳಕವಾದ ಮೇಲೆ ಬರೀ ಹಣೆ ಇರಬಾರದಲ್ಲ! ಮೊದಲ ಸಲ ಅಂಕಿ ಬಿದ್ದದ್ದು ಧೂಳಿಗೇ ಇರಬಹುದು; ಆಮೇಲೆ ನಾನು ತೊಳೆದಾಗಲೆಲ್ಲ ಅವರು ಹಚ್ಚಿದ್ದರು.

ಅಷ್ಟು ದಿನ ನಿನಗೆ ಕಾಣಲಿಲ್ಲವೇ ಎನ್ನುತ್ತೀರಿ. ಕಂಡಿತ್ತು ರೀ, ನಾನೇ ಉಜ್ಜಿ ತೆಗೆದಿದ್ದೆ! ಆದರೆ ನಮ್ಮ ಮನೆಯಲ್ಲಿ ತಕ್ಕಡಿ, ಗಿರಣಿ, ಫ್ರಿಜ್, ಸ್ಕೂಟರ್ ಎಲ್ಲಕ್ಕೂ ವಿಭೂತಿ ಇದ್ದೇ ಇರುತ್ತದೆ. ಇಲ್ಲದಿದ್ದರೆ ಕಣ್ಣಿಗೆ ಬೀಳುತ್ತದೆಯೇ ಹೊರತು ಇದ್ದರೆ ಬೀಳುವುದಿಲ್ಲ. ನಿಮ್ಮ ಮನೆಯಲ್ಲೂ ಅಂಥದೊಂದು ಇಲ್ಲವೇ? ಇಂಜಿನಿಯರ್‌ಗೆ ಫೋನ್ ಮಾಡಿದೆ. ಒಂದು ಸಾಲು ಮುಚ್ಚಿದರೂ ಇಡೀ ಪ್ಯಾನೆಲ್ ಸೊರಗುತ್ತದೆ, ಜೋಡಿಯಲ್ಲಿ ಒಂದು ಎತ್ತು ಕೂತರೆ ಗಾಡಿ ನಡೆಯುತ್ತದೆಯೇ ಎಂದ.

ಆದರೆ ಮಾವನವರಿಗೆ ಹೇಳುವುದು ಹೇಗೆ? ವಿಭೂತಿ ಹಚ್ಚಿದ್ದು ತಪ್ಪು ಎನ್ನಲು ನನಗೇನು ಹುಚ್ಚೇ? ಹತ್ತಿರ ಹೋಗಿ ಕೂತೆ.

"ಮಾವಾರ, ವಿಭೂತಿ ಕಣ್ಣಿಗಿ ಹಚ್ಚತಾರೇನ್ರೀ?"

"ಕಣ್ಣಿಗಿ ಹಚ್ಚಿದ್ರ ಕಾಣತದೇನವಾ?"

"ಇದಕ್ಕ ಮೈತುಂಬ ಕಣ್ಣೇ ಅವ ರೀ. ಬಿಸಲ ನೋಡೇ ಕರೆಂಟ್ ಮಾಡತದ."

ಮಾವನವರು ಬಗ್ಗಿ ಪ್ಯಾನೆಲ್ಲನ್ನು ನೋಡಿದರು. ಆಮೇಲೆ ಧೋತರದ ಚುಂಗಿನಿಂದ ತಾವೇ ಒರೆಸಿದರು. "ಹಂಗಾದ್ರ ಹಣಿ ಎಲ್ಲಿ ಅದ, ತೋರಸು" ಎಂದರು. ಕೆಳಗಿನ ಕಬ್ಬಿಣದ ಸ್ಟ್ಯಾಂಡ್ ತೋರಿಸಿದೆ. ಅದಕ್ಕೆ ಮನಸಾರೆ ಹಚ್ಚಿದರು.

ಶನಿವಾರ ಗುರಪ್ಪಣ್ಣನನ್ನು ಮಾಳಿಗೆಗೆ ಎಳೆದುಕೊಂಡೇ ಹೋದೆ. ಫೋನ್ ಅವನ ಕೈಗೇ ಕೊಟ್ಟೆ. ಅಂಕಿ ಮೊದಲ ದಿನಕ್ಕಿಂತಲೂ ಮೇಲೆ! ಅವನ ಮೋರೆ ನೀವು ನೋಡಬೇಕಿತ್ತು. ಕ್ಯಾಂಪಿನಲ್ಲಿ ಮೊದಲ ಹೆಸರು ಅವನದೇ, ಅವನ ಹಿಂದೆ ಇಡೀ ಓಣಿ. ಕನ್ನಡಿಗೆ ಜಳಕ ಎಂದು ನಕ್ಕವರೇ ಬಂದು, ಪೈಪ್ ಹೇಗೆ ಸೀಳಿದಿರಿ ಎಂದು ಕೇಳಿದರು. ಗೆದ್ದೆನ್ರೀ, ಗೆದ್ದೆ!

ಸಂಜೆ ಗುರಪ್ಪಣ್ಣ ಮನೆಗೆ ಬಂದ. ತನ್ನ ಪ್ಯಾನೆಲ್ ಬಂದ ದಿನ ಮಾವನವರೇ ಬಂದು ವಿಭೂತಿ ಹಚ್ಚಬೇಕೆಂದು ಕೈಮುಗಿದ. ಮಾವನವರು ನನ್ನ ಕಡೆ ಒಮ್ಮೆ ನೋಡಿ ಹೇಳಿದರು:

"ಬರತೀನಪಾ. ಆದ್ರ ಹಣಿ ಯಾವುದಂತ ನಮ್ಮ ಸೊಸಿ ತೋರಸಬೇಕು."