ಹಿರಿಯರ ಜಾಗದಲ್ಲಿ ಸಿಂಹಾಸನ

ನನ್ನ ತಮ್ಮ ಬೆಕಿತೆಂಬಾ ಹೋಟೆಲಿನವರು ಕಟ್ಟಿಸಿದ ಗುಡಿಸಲಿನಲ್ಲಿ ಪ್ರವಾಸಿಗರ ಮುಂದೆ ನಮ್ಮ ಜುಲು ಜನಾಂಗದ ದೊರೆಯಾಗಿ ಕೂರುವ ಕೆಲಸದವನು. ಆಫ್ರಿಕಾದ ಬಗ್ಗೆ ಬಿಳಿಯರು ಬರೆದ ಹಳೆಯ ಸಾಹಸ ಕಾದಂಬರಿಗಳನ್ನು ಓದಿಕೊಂಡು ಬರುವ ಆ ಜನಕ್ಕೆ ದೊರೆ ಗರ್ಜಿಸಲೇಬೇಕು. ಅದೇ ರೂಢಿಯಾಗಿ, ಮನೆಯಲ್ಲಿ ಗಂಜಿ ಕೇಳುವಾಗಲೂ ಇವನ ದನಿ ಯುದ್ಧ ಸಾರುತ್ತದೆ. "ನಮ್ಮ ದೊರೆಗಳು ಹಿಂಗೆ ಅರಚ್ತಿದ್ರೇನೋ?" ಎಂದರೆ, "ಪುಸ್ತಕದಲ್ಲಿ ಅರಚ್ತಾರಕ್ಕ. ಸುಮ್ನೆ ಕೂತ್ರೆ ನನ್ನನ್ನೇ ನಕಲಿ ಅಂತಾರೆ" ಎಂದು ನಿಟ್ಟುಸಿರಿಡುತ್ತಾನೆ. ಪುಸ್ತಕದ ಚಿತ್ರದಲ್ಲಿರುವಂತೆಯೇ ಅವನ ಸಿಂಹಾಸನವನ್ನು ಗುಡಿಸಲಿನ ಹಿಂಬದಿಯಲ್ಲಿ, ಗತಿಸಿದ ಹಿರಿಯರಿಗೆಂದು ನಾವು ಯಾರೂ ಕೂರದೆ ಬಿಡುವ ಜಾಗದಲ್ಲಿ, ಇಟ್ಟಿದ್ದಾರೆ. ಮೊನ್ನೆ ತನ್ನ ಮಗಳ ಮದುವೆಗೆ ಹಿರಿಯರ ಒಪ್ಪಿಗೆ ಬೇಡಿ ನಮ್ಮ ಮನೆಯ ಆ ಜಾಗದಲ್ಲಿ ಮನೆಯಲ್ಲೇ ಮಾಡಿದ ಜೋಳದ ಬಿಯರಿನ ಮಡಕೆ ಇಟ್ಟು ಅವರನ್ನು ಕರೆಯಬೇಕಾಗಿದ್ದವನು, ಬಾಗಿಲಲ್ಲೇ ನಿಂತು ಮಡಕೆಯನ್ನು ನನ್ನ ಕೈಗಿತ್ತ. "ನೀನೇ ಅವರನ್ನ ಕರಿ, ಅಕ್ಕ. ದಿನಾ ಅವರ ಜಾಗದಲ್ಲಿ ಕೂತು ಎದ್ದು ಬರೋನು ನಾನು. ನನ್ನ ದನಿಗೆ ಓಗೊಡ್ತಾರಾ?" ಎಂದು ಪಿಸುಗುಟ್ಟಿದ.